ಗುಂಡವ್ವನ ಪಿತ್ತ

ತಾಂಬಾದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಗುಂಡವ್ವಗ ಪಿತ್ತ ಭಾಳ."

ಗಂಡ ತೀರಿದ, ಮಕ್ಕಳಿಲ್ಲದ ಗುಂಡವ್ವ ಲಿಂಬೆ ತೋಟಗಳಲ್ಲಿ ಹಣ್ಣು ಹರಿದು, ತುಂಬಿದ ಬುಟ್ಟಿ ತಲೆಮೇಲೆ ಹೊತ್ತು ಬದುಕಿದವಳು. ಯಾರ ಹಂಗೂ ಇಲ್ಲದೆ ತನ್ನ ಮನೆಯಲ್ಲಿ ತಾನೇ ಒಲೆ ಹಚ್ಚಬೇಕು, ಅದೊಂದೇ ಅವಳ ಹಟ.

ಮೇಲಿನ ಕೊಂಬೆಯ ಹಣ್ಣಿಗೆಂದು ಕತ್ತೆತ್ತಿದರೆ ಸಾಕು, ಗಿಡವೆಲ್ಲ ಗರಗರ ತಿರುಗುತ್ತಿತ್ತು. ಅಲ್ಲೇ ಕೂತುಬಿಡುವಳು. ಜೊತೆಗೇ ಹಣ್ಣು ಹರಿಯುತ್ತಿದ್ದ ನೆರೆಮನೆಯ ಗೆಳತಿ ಖಾತುನಬಿ ಓಡಿಬಂದು ಲಿಂಬೆ ಹಿಂಡಿ, ಉಪ್ಪು ಹಾಕಿ ಕುಡಿಸುವಳು.

"ಕುಡಿ ಬೇ. ರಾತ್ರಿ ಮತ್ತ ಶೇಂಗಾ ತಿಂದಿದ್ದಿ, ಹೌದಿಲ್ಲೋ?"

"ಇಲ್ಲಬೇ ಯವ್ವಾ. ನೀ ಹಿಂಗ ಹಿಂಡಿದರ ತೋಟದ ಮಾಲಕ ನಮ್ಮಿಬ್ಬರನ್ನೂ ಹಿಂಡತಾನ."

ಕಣ್ಣು ಮುಚ್ಚಿ ಸ್ವಲ್ಪ ಕೂತರೆ ತಿರುಗುವುದು ನಿಲ್ಲುತ್ತಿತ್ತು. ಅದು ಲಿಂಬೆಯ ಗುಣವೆಂದು ಇಬ್ಬರೂ ನಂಬಿದರು. ಎರಡು ವರ್ಷ ಹಾಗೇ ಹೋಯಿತು.

ಆಮೇಲೆ ಬೆರಳಿಗೆ ಜೋಮು ಹಿಡಿಯಿತು. ಹರಿದ ಹಣ್ಣು ಕೈಯಿಂದ ಜಾರತೊಡಗಿತು. "ಕೈಗೆ ಎಣ್ಣಿ ಹಚ್ಚಿಕೊಂಡು ಬಂದೀಯೇನ ಬೇ?" ಎಂದು ಹೆಂಗಸರು ನಕ್ಕರು. ಗುಂಡವ್ವನೂ ನಕ್ಕಳು. ಒಂದು ಮುಂಜಾನೆ ಕುಪ್ಪಸದ ಹುಕ್ಕು ಹಾಕಿಕೊಳ್ಳಲಾಗದೆ, ಸೆರಗು ಅವುಚಿಕೊಂಡು ನೆರೆಮನೆಯ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಖಾತುನಬಿ ಒಳಗೆ ಕರೆದೊಯ್ದು, ಹುಕ್ಕು ಹಾಕಿ, ಅವತ್ತೇ ವಿಜಯಪುರದ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಕುತ್ತಿಗೆಯ ಸ್ಕ್ಯಾನಿಂಗ್ ಫೋಟೋ ನೋಡಿದ ದವಾಖಾನೆಯ ಡಾಕ್ಟರು ಹೇಳಿದರು: "ಕುತ್ತಿಗಿ ಎಲುಬು ಸವದು ಒಳಗಿನ ನರದ ಹುರಿ ಒತ್ತಾಕತ್ತಾವ. ಚಕ್ಕರ, ಜೋಮು ಎಲ್ಲಾ ಅದರಿಂದನ. ತಲಿಮ್ಯಾಲ ಭಾರ ಹೊರತೀರೇನು?"

"ಹೊರದ ಬದುಕತಾರೇನ್ರಿ?"

"ಇಷ್ಟ ದಿನ ಏನ್ ಔಷಧ ಮಾಡಿದ್ರಿ?"

"ಲಿಂಬಿ ಶರಬತ್ತರಿ."

ಖಾತುನಬಿ ನೆಲ ನೋಡಿದಳು.

"ಆಪರೇಷನ್ ಮಾಡಿದರ ಹೆಚ್ಚಾಗೂದು ನಿಲ್ಲತೈತಿ. ಹೋದ ಶಕ್ತಿ ಪೂರಾ ಬರತೈತಿ ಅಂತ ಹೇಳಾಕ ಆಗೂದಿಲ್ಲ," ಎಂದರು ಡಾಕ್ಟರು.

ಆಪರೇಷನ್ ಆಯಿತು. ಶಕ್ತಿ ಬರಲಿಲ್ಲ. ಕೈಯಲ್ಲಿ ಚರಿಗೆ ನಿಲ್ಲದು, ಕಾಲು ತಡವರಿಸುವುದು. ಒಮ್ಮೆ ಉರಿಯುವ ಒಲೆಯ ಮುಂದೆಯೇ ಬಿದ್ದಳು. ಸುದ್ದಿ ಕೇಳಿ ಮನಗೂಳಿಯಿಂದ ತಂಗಿ ಮಾಲಾ ಬಂದಳು.

"ಸಾಕಕ್ಕ. ನಮ್ಮನಿಗೆ ನಡಿ."

ಗುಂಡವ್ವ ಇನ್ನೂ ಎರಡು ದಿನ ತಾನೇ ಒಲೆ ಹಚ್ಚಲು ನೋಡಿದಳು. ಮೂರನೆಯ ದಿನ ತಾನಾಗಿಯೇ ತಂಗಿಗೆ ಸೀರೆಗಂಟು ಕಟ್ಟೆಂದಳು.

ಹೊರಡುವಾಗ ಖಾತುನಬಿ ಅತ್ತಳು. "ಮೊದಲ ಕರಕೊಂಡ ಹೋಗಿದ್ದರ... ನಾ ಬರೇ ಲಿಂಬಿ ಹಿಂಡ್ಕೋತ ಕುಂತೆ."

"ಅಳಬ್ಯಾಡ ಬೇ. ನೀ ಇದ್ದಿ ಅಂತ ಇಷ್ಟ ದಿನ ನನ್ನ ಮನ್ಯಾಗ ನಾ ಇದ್ದೆ."

ಬಾಗಿಲಿಗೆ ಕೀಲಿ ಹಾಕಲು ಗುಂಡವ್ವ ತಾನೇ ಮುಂದಾದಳು. ಕೀಲಿಕೈ ಬೆರಳಲ್ಲಿ ತಿರುಗಲಿಲ್ಲ. ಖಾತುನಬಿ ಅವಳ ಕೈಮೇಲೆ ಕೈಯಿಟ್ಟು ತಿರುಗಿಸಿದಳು. ಮಾಲಾಳ ಹೆಗಲು ಹಿಡಿದು ಗುಂಡವ್ವ ಕಟ್ಟೆ ಇಳಿದಳು. ಮತ್ತೆ ಹತ್ತಲಿಲ್ಲ.