ಅಕ್ಕಿಕಾಳಿಗಿಂತ ಮೊದಲು ಕತ್ತರಿಸಿದ ಲಗ್ನಪತ್ರಿಕೆ

ನಾನು ಮಾಡುವ ಪುಸ್ತಕಗಳಲ್ಲಿ ಓದುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಪುಟ ತೆರೆದರೆ ಮನೆಯೊಂದು ಎದ್ದು ನಿಲ್ಲಬೇಕು, ಪಟ್ಟಿ ಎಳೆದರೆ ಎತ್ತು ತಲೆ ಅಲ್ಲಾಡಿಸಬೇಕು, ಮುಚ್ಚಿದರೆ ಮನೆ, ಎತ್ತು ಎಲ್ಲ ಮಡಚಿಕೊಂಡು ಮತ್ತೆ ಮಲಗಬೇಕು. ಸಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ ಹತ್ತಿದ ಚಟ ಇದು. ನೌಕರಿ ಮುಗಿದರೂ ಚಟ ಮುಗಿಯಲಿಲ್ಲ.

ಇದಕ್ಕೆ ದಪ್ಪ, ಮಡಚಿದರೆ ಸೀಳದ ಕಾಗದ ಬೇಕು. ರೋಣದ ಅಂಗಡಿಗಳಲ್ಲಿ ಅಂಥದ್ದು ಸಿಗುವುದು ಕಷ್ಟ. ಆದರೆ ಲಗ್ನಪತ್ರಿಕೆಗಳಿಗೆ ಬರವಿಲ್ಲ. ಈಗಿನ ಪತ್ರಿಕೆಗಳಂತೂ ರೊಟ್ಟಿ ಬಡಿದಿಡಬಹುದಾದಷ್ಟು ಗಟ್ಟಿ. ಲಗ್ನ ಮುಗಿದ ಮೇಲೆ ಅವುಗಳನ್ನು ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಮೇಲೆ ಗಣಪತಿ ಇರುತ್ತಾನೆ, ಒಲೆಗೆ ಹಾಕುವಂತಿಲ್ಲ, ತಿಪ್ಪೆಗೆ ಒಗೆಯುವಂತಿಲ್ಲ. ಹಾಗಾಗಿ ಓಣಿಯವರು ಚೀಲ ತುಂಬಿ ತಂದು ನನ್ನ ಪಡಸಾಲೆಯಲ್ಲಿ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನನ್ನ ಪುಸ್ತಕದ ಗೋಡೆಯ ಹಿಂದೆ ಇಣುಕಿದರೆ ಯಾರದೋ ಮುಹೂರ್ತ, ಮಾಳಿಗೆಯ ಕೆಳಗೆ ಯಾರದೋ ಊಟದ ವೇಳೆ ಕಾಣುತ್ತದೆ.

ಒಂದು ನೇಮ ಮಾತ್ರ ನಮ್ಮಜ್ಜಿಯಿಂದ ಬಂದದ್ದು, ಓಣಿಗೆಲ್ಲ ಗೊತ್ತಿದ್ದದ್ದು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವವರೆಗೆ ಪತ್ರಿಕೆಗೆ ಕತ್ತರಿ ಮುಟ್ಟಿಸಬಾರದು. "ಅದು ಬರೇ ಕಾಗದ ಅಲ್ಲ, ಮಂದೀನ ಕರದ ಬಾಯಿ" ಅನ್ನುತ್ತಿದ್ದಳು ಅಜ್ಜಿ. "ಕೆಲಸ ಮುಗಿಯೂತನಕಾ ಬಾಯಿ ಕೊಯ್ಯಬಾರದು." ನಾನು ಆ ಮಾತನ್ನು ಮೀರಿದವಳಲ್ಲ. ಹೋದ ವರ್ಷ ಮೀರಿದೆ.

ಬಾಜೂ ಮನೆಯ ಗೆಳತಿಯ ಮಗಳ ಲಗ್ನ. ನರಗುಂದದ ಬೀಗರು, ಅಲ್ಲಿಯೇ ಕಾರ್ಯ. ಗೆಳತಿ ನನಗಿಂತ ಸಣ್ಣವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಹಬ್ಬದ ಹೋಳಿಗೆ ಅವಳ ಮನೆಯಲ್ಲಾದರೆ ಅಂದು ನನ್ನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅವಳು ತಂದುಕೊಟ್ಟ ಪತ್ರಿಕೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಎರಡು ಬಾಗಿಲಿನಂತೆ ತೆರೆಯುವ ಬಂಗಾರದ ಬಣ್ಣದ ರಟ್ಟು, ಮೈತುಂಬ ಜಾಳಿಗೆಯ ಕೊರೆತ, ಒಂದೊಂದು ಬಾಗಿಲ ಮೇಲೆ ಒಂದೊಂದು ಆನೆ. ಆಗ ನಾನೊಂದು ಹಳೆಯ ವಾಡೆಯ ಪುಸ್ತಕ ಮಾಡುತ್ತಿದ್ದೆ. ಗೋಡೆ, ಕಟ್ಟೆ, ಅಂಗಳದ ಬಾವಿ, ಎಲ್ಲ ಎದ್ದು ನಿಂತಿದ್ದವು. ವಾಡೆಗೆ ತಕ್ಕ ತಲಬಾಗಿಲು ಸಿಕ್ಕಿರಲಿಲ್ಲ. ಈಗ ಕೈಯಲ್ಲೇ ಇತ್ತು.

ಲಗ್ನಕ್ಕೆ ಇನ್ನೂ ವಾರವಿತ್ತು. ಒಂದು ವಾರದಲ್ಲಿ ಏನಾದೀತು ಅಂದುಕೊಂಡೆ. ದೇವರ ಕಡೆ ಬೆನ್ನು ಮಾಡಿ ಕೂತು ಬ್ಲೇಡು ಹಾಕಿದೆ. ಬಾಗಿಲುಗಳನ್ನು ಬಿಡಿಸಿದೆ, ಒಳಗಿನ ಹಾಳೆಯ ಅಂಚಿನಿಂದ ಪಟ್ಟಿ ಕೊಯ್ದು ತಿರುಗಣಿ ಮಾಡಿದೆ, ಮೈದಾ ಅಂಟು ಹಚ್ಚಿ ವಾಡೆಗೆ ಕೂಡಿಸಿದೆ. ಪುಟ ಚಪ್ಪಟೆಯಾಗಿ ಆರಲೆಂದು ನೆಲದ ಮೇಲಿಟ್ಟು, ಮೇಲೊಂದು ಅಗಲ ಮಣೆ ಹೇರಿದೆ.

ಮರುದಿನ ಮುಂಜಾನೆ ಗೆಳತಿ ಬಂದಳು. ಬಂದವಳೇ ಆ ಮಣೆಯ ಮೇಲೆ ಕೂತಳು.

"ಅಕ್ಕಾ, ನಾಚಿಕಿ ಬಿಟ್ಟು ಕೇಳಾಕ ಬಂದೀನಿ. ನಿನಗ ಕೊಟ್ಟ ಪತ್ರಿಕಿ ವಾಪಸ್ ಕೊಡ್ತಿಯೇನು?"

"ಯಾಕವಾ, ಬರಬ್ಯಾಡಂತೀ ಏನ ಲಗ್ನಕ್ಕ?" ಎಂದು ನಗಲು ನೋಡಿದೆ.

"ನಮ್ಮಣ್ಣ ಸಿಟ್ಟಾಗ್ಯಾನ. ನಮ್ಮ ಮನಿಯವ್ರು ಅವಗ ಮೊದಲ ಮೊಬೈಲ್‌ನಾಗ ಪತ್ರಿಕಿ ಫೋಟೋ ಕಳಿಸಿಬಿಟ್ರು. ಪತ್ರಿಕಿ ಆಮ್ಯಾಲ ಕೈಯಾಗ ಕೊಟ್ಟು ಬಂದ್ರಾತಂತ ಇಟ್ಟಿದ್ರು. ಬೀಗರು ಬಂದು ಕಟ್ಟ ಕಟ್ಟ ಒಯ್ದ್ರು, ಒಂದೂ ಉಳೀಲಿಲ್ಲ. ಅವೇನು ಇಲ್ಲಿ ಮಾಡಿಸಿದ್ವು ಅಲ್ಲ, ಮತ್ತ ತರಸಾಕ ದಿನ ಇಲ್ಲ. ಊರ ಮಂದಿಗೆ ಆನಿ ಬಾಗಿಲದ ಪತ್ರಿಕಿ, ಸೋದರಮಾವಗ ಮೊಬೈಲ್ ಏನು ಅಂದಾನ. ಬರಾಂವಲ್ಲಂತ. ಅವಾ ಬರಲಿಲ್ಲಂದ್ರ ಅಕ್ಕಿಕಾಳ ವ್ಯಾಳ್ಯಾಕ್ಕ ಮಗಳ ಬೆನ್ನಿಗೆ ನಿಂದ್ರವರು ಯಾರು? ಮತ್ತೊಬ್ಬರ ಮನೀಗೆ ಹೋಗಿ ಕೊಟ್ಟ ಪತ್ರಿಕಿ ಕೇಳಿದ್ರ ಉಗುಳ್ತಾರ. ನೀ ಮನೀ ಮಂದಿ."

ಅವಳ ಭಾರಕ್ಕೆ ಮಣೆಯ ಕೆಳಗೆ ಅಂಟು ಗಟ್ಟಿಯಾಗಿ ಹಿಡಿಯುತ್ತಿತ್ತು. 'ಕತ್ತರಿಸಿಬಿಟ್ಟೆ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿಂದ ಹೊರಟದ್ದು ಬೇರೆ.

"ಎಲ್ಲಿಟ್ಟೆನೋ ಏನೋ. ಹುಡುಕಬೇಕು ನೋಡು."

"ನಾನೂ ಹುಡುಕತೀನಿ" ಎಂದು ಅವಳು ಕೂತಲ್ಲಿಂದಲೇ ಚೀಲಗಳನ್ನು ಎಳೆದುಕೊಂಡಳು. ಮುಂಜಾನೆಯೆಲ್ಲ ಇಬ್ಬರೂ ಹುಡುಕಿದೆವು. ಇಲ್ಲವೆಂದು ಗೊತ್ತಿದ್ದ ಕಡೆಯೆಲ್ಲ ನಾನು ಹುಡುಕಿದೆ. ಅವಳು ಪತ್ರಿಕೆಗಳನ್ನು ಒಂದೊಂದಾಗಿ ತಿರುವುತ್ತ, "ಇವರಿಗೀಗ ಎರಡು ಮಕ್ಕಳು", "ಈಕಿ ಅತ್ತಿ ಭಾಳ ಬಾಯಿಬಡಕಿ" ಎಂದು ಹೇಳುತ್ತಿದ್ದಳು. ಕೊನೆಗೆ ಎದ್ದು ಸೀರೆ ಕೊಡವಿಕೊಂಡು, ನನ್ನನ್ನೇ ಸಮಾಧಾನ ಮಾಡಿದಳು. "ಇರಲಿ ಬಿಡಕ್ಕಾ. ನೀ ಯಾಕ ಮಾರಿ ಸಣ್ಣ ಮಾಡ್ತಿ? ನಮ್ಮ ನಸೀಬ."

ಅವಳು ಬೈದಿದ್ದರೆ ಬಹುಶಃ ಸುಮ್ಮನಿರುತ್ತಿದ್ದೆ. ಆ ಸಮಾಧಾನದ ಮಾತು ತಡೆಯಲಾಗಲಿಲ್ಲ. ಬಾಗಿಲಿಗೆ ಅಗಳಿ ಹಾಕಿ ಮಣೆ ಎತ್ತಿದೆ. ಒದ್ದೆ ಅರಿವೆ ಹಾಕಿ ಅಂಟು ನೆನೆಸಿ, ವಾಡೆಯಿಂದ ಬಾಗಿಲುಗಳನ್ನು ಬಿಡಿಸಿದೆ. ಕಾಗದದ ಬಾವಿ ಹರಿದುಹೋಯಿತು, ಹೋಗಲಿ ಅಂದೆ. ಒಳಗಿನ ಹಾಳೆಗೆ ಹೊಸ ಅಂಚು ಕಟ್ಟಿ, ಬಾಗಿಲುಗಳಿಗೆ ಅರಿವೆಯ ಪಟ್ಟಿಯ ಕೀಲು ಹಾಕಿದೆ. ಇಷ್ಟಾದರೂ ಗಾಯ ಕಾಣುತ್ತಿತ್ತು. ಗಾಯದಿಂದ ಕಣ್ಣು ತಪ್ಪಿಸಲೆಂದು ಒಳಗೊಂದು ಹಂದರ ಮಾಡಿದೆ. ಬಾಗಿಲು ತೆರೆದರೆ ಕಂಬ ಸಮೇತ ಎದ್ದು ನಿಲ್ಲುತ್ತದೆ. ಹಂದರದಲ್ಲಿ ಮದುಮಗಳು, ಅವಳ ಬೆನ್ನಿಗೆ ತಲೆಗೆ ಪಟಗ ಸುತ್ತಿದ ಒಬ್ಬ ಸೋದರಮಾವ. ಪಟ್ಟಿ ಎಳೆದರೆ ಅವನ ಕೈ ಮೇಲೇಳುತ್ತದೆ, ಅಕ್ಕಿಕಾಳು ಹಾಕಿದಂತೆ.

ಮರುದಿನ ಗಜೇಂದ್ರಗಡದ ಬಸ್ಸು ಹತ್ತಿ ಗೆಳತಿಯ ಅಣ್ಣನ ಊರಾದ ರಾಜೂರಿಗೆ ಹೋದೆ. ಗೆಳತಿಗೆ ಹೇಳಲಿಲ್ಲ. ಪತ್ರಿಕೆಯ ಮೂಲೆಗೆ ಲಗ್ನದ ಮನೆಯವರು ಹಚ್ಚಬೇಕಾದ ಅರಿಷಿಣ ನಾನೇ ಹಚ್ಚಿದ್ದೆ, ಅದಕ್ಕೂ ನನಗೆ ಅಧಿಕಾರವಿರಲಿಲ್ಲ. ಅವಳಣ್ಣ ಅಂಗಳದಲ್ಲಿ ಕಡಲಿ ಹಸನು ಮಾಡಿಸುತ್ತಿದ್ದ. ಎತ್ತರದ ಆಳು, ದಪ್ಪ ಮೀಸೆ. ನನ್ನ ಗುರುತು ಸಿಕ್ಕು ನೀರು ಕೊಟ್ಟ, ಮುಖ ಮಾತ್ರ ಬಿಚ್ಚಲಿಲ್ಲ.

"ಬರ್ರಿ ಅಕ್ಕಾರ. ಸಮಾಧಾನ ಮಾಡಾಕ ಕಳಿಸ್ಯಾಳೇನ ನಿಮ್ಮನ್ನ?"

ನಾನು ಚೀಲದಿಂದ ಪತ್ರಿಕೆ ತೆಗೆದು ಕೊಟ್ಟೆ. ತೆರೆದ. ಹಂದರ ಎದ್ದು ನಿಂತಿತು. ಮುಚ್ಚಿದ, ಮತ್ತೆ ತೆರೆದ. ಪಟ್ಟಿ ಕಂಡು ಹೆದರಿ ಹೆದರಿ ಎಳೆದ. ಕಾಗದದ ಮಾವ ಕೈ ಎತ್ತಿದ.

"ಇದು ನಾನೇನ್ರಿ?"

"ಹೌದ್ರಿ ಅಣ್ಣಾರ."

"ಇಂಥಾದ್ದು ಎಲ್ಲಾರಿಗೂ ಕೊಟ್ಟಾರೇನು?"

"ಇಲ್ರಿ. ನಿಮಗೊಬ್ಬರಿಗೇ."

ಅವನು ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ, ಕಡಲಿಯ ಧೂಳೆಂಬಂತೆ. "ತಂಗಿ ತಾನ ಕೈಯಾರೆ ಮಾಡ್ಯಾಳೇನ್ರಿ ಇದನ್ನ?"

ಅಲ್ಲಿ ನಿಜ ಹೇಳಲು ಜಾಗವಿತ್ತು. ಅವನ ಕಣ್ಣು ನೋಡಿದೆ, ಹೇಳಲಾಗಲಿಲ್ಲ. ಹೌದೆಂದು ತಲೆ ಆಡಿಸಿದೆ.

"ಹುಚ್ಚಿ" ಎಂದ. "ಸಣ್ಣಾಕಿದ್ದಾಗ ಮಣ್ಣಿನ ಎತ್ತು ಮಾಡಿದ್ರ ಕೋಡು ಮುರೀತಿದ್ಲು. ನಾನಽ ಹಚ್ಚಿ ಕೊಡ್ತಿದ್ದೆ. ಬರ್ತೀನಂತ ಹೇಳ್ರಿ."

ಹಿಂದಿರುಗಿ ಗೆಳತಿಗೆ ಹೇಳಬೇಕೆಂದಿದ್ದೆ. ಅವಳ ಮನೆಯ ಮುಂದೆ ಹಂದರ ಹಾಕಿದ್ದರು, ನೆಂಟರು ಬಂದಿಳಿಯುತ್ತಿದ್ದರು. ಅಣ್ಣನೇ ಫೋನು ಮಾಡಿ, ಬರುತ್ತೇನೆ ಎಂದಷ್ಟೇ ಅಂದನಂತೆ. ಅವಳು ನನ್ನನ್ನು ತಬ್ಬಿಕೊಂಡು, "ದೇವರು ದೊಡ್ಡಾಂವಕ್ಕಾ" ಅಂದಳು. ದೇವರ ಹೆಸರು ಕೇಳಿದ ಮೇಲೆ ನಾನೆಲ್ಲಿ ಬಾಯಿ ತೆರೆಯಲಿ?

ನರಗುಂದದಲ್ಲಿ ಅಕ್ಕಿಕಾಳು ಬಿದ್ದಾಗ ಅವಳಣ್ಣ ಮದುಮಗಳ ಬೆನ್ನಿಗೆ ಗೋಡೆಯಂತೆ ನಿಂತಿದ್ದ. ಊಟದ ಪಂಕ್ತಿ ಕೂರುವ ಹೊತ್ತಿಗೆ ಪತ್ರಿಕೆಯನ್ನು ಅರಿವೆಯಿಂದ ಬಿಚ್ಚಿ ಬೀಗರ ನಡುವೆ ತೆರೆದು ತೋರಿಸಿದ. "ನಮ್ಮ ತಂಗಿ ಮಾಡಿದ್ದು. ನನಗೊಬ್ಬಗ." ಪಟ್ಟಿ ಎಳೆದ. ಎಲ್ಲರೂ ನಕ್ಕರು. ಗೆಳತಿ ಪತ್ರಿಕೆ ಇಸಿದುಕೊಂಡು ನೋಡಿದಳು. ಬಾಗಿಲ ಕೀಲಿನ ಮೇಲೆ ಅವಳ ಹೆಬ್ಬೆರಳು ಆಡಿತು, ಬ್ಲೇಡಿನ ಗೆರೆಯ ಹತ್ತಿರ ನಿಂತಿತು. ತಲೆ ಎತ್ತಿ ಪಂಕ್ತಿಯ ಆ ತುದಿಯಲ್ಲಿದ್ದ ನನ್ನನ್ನು ನೋಡಿದಳು.

"ಹೌದಲ್ಲವಾ? ಹ್ಯಾಂಗ ಮಾಡಿದಿ ಇದನ್ನ?" ಎಂದ ಅಣ್ಣ.

"ಹೌದಣ್ಣಾ" ಅಂದಳು. "ಹಿಂಗಽ ಮಾಡಿದೆ."

ನನ್ನ ಎಲೆಗೆ ಹೋಳಿಗೆಯನ್ನೂ ಬಡಿಸಿದಳು, ತುಪ್ಪವನ್ನೂ ಹಾಕಿದಳು. ಬಾಗಿದಾಗ ಕಿವಿಯ ಹತ್ತಿರ ಕೇಳಿದಳು, "ಅಕ್ಕಿಕಾಳಿಗಿಂತ ಮೊದಲಽ ಕತ್ತರಿಸಿದ್ಯಾ?" ಅವಳು ಮುಂದಿನ ಎಲೆಗೆ ಹೋದಳು.

ಮದುಮಕ್ಕಳು ಚಲೋ ಇದ್ದಾರೆ. ಆದರೂ ಆ ಹುಡುಗಿಗೆ ನೆಗಡಿಯಾಗಿದೆ ಎಂದು ಕೇಳಿದರೆ ನಾನು ದೇವರ ಮುಂದೆ ಎಣ್ಣೆದೀಪ ಹಚ್ಚಿ ಕೂರುತ್ತೇನೆ. ಗಂಡನ ಜೋಡಿ ಮುನಿಸಿಕೊಂಡಳೆಂದು ಒಮ್ಮೆ ಸುದ್ದಿ ಬಂದಾಗ ಎರಡು ದಿನ ನನಗೆ ಊಟ ಸೇರಲಿಲ್ಲ. ಗೆಳತಿ ಆ ವಿಷಯ ಎತ್ತಿಲ್ಲ. ಅಂಗಳದಲ್ಲಿ ಸಿಕ್ಕರೆ ಮಾತಾಡುತ್ತಾಳೆ, ನೀರು ಬಂತೇ, ಪಲ್ಯ ಏನು, ಅಷ್ಟೇ. ಹಬ್ಬದ ದಿನ ನನ್ನ ಒಲೆಯನ್ನು ನಾನೇ ಹೊತ್ತಿಸುತ್ತೇನೆ.

ಈಚೆಗೆ ಒಂದು ಮಧ್ಯಾಹ್ನ ಬಂದಳು. ಕೈಯಲ್ಲಿ ಗದಗದಿಂದ ತರಿಸಿದ ಹೊಸ ಬಿಳಿ ರಟ್ಟು. ನಿಂತೇ ಹೇಳಿದಳು.

"ನಮ್ಮಣ್ಣನ ಮಗಗ ಕನ್ಯಾ ಗಟ್ಟಿಯಾತು. ಪತ್ರಿಕಿ ತಂಗೀನಽ ಮಾಡಬೇಕಂತ. ದೇವರಿಗೆ ಇಡೂದು ಒಂದು. ನನಗ ಕಲಿಸು."

"ನಾ ಮಾಡಿ ಕೊಡ್ತೀನಿ ತಂಗಿ, ಒಂದ ದಿನದಾಗ..."

"ಬ್ಯಾಡ. ನೀ ಮಾಡಿದ್ದೊಂದು ಸಾಕು."

ಅಂದಿನಿಂದ ಮಧ್ಯಾಹ್ನ ಬರುತ್ತಾಳೆ. ಜೋಳದ ರೊಟ್ಟಿ ಬಡಿಯುವ ಕೈ, ರಟ್ಟು ಮಡಚಲು ಬಗ್ಗುವುದಿಲ್ಲ. ಗೆರೆ ಸೊಟ್ಟ ಹೋಗುತ್ತದೆ, ಅಂಟು ಹೆಚ್ಚಾಗುತ್ತದೆ, ಬೆರಳಿಗೆ ಬ್ಲೇಡು ತಾಗುತ್ತದೆ. ಬೆರಳು ಬಾಯಲ್ಲಿಟ್ಟುಕೊಂಡು ಆ ಕಡೆ ನೋಡುತ್ತಾಳೆ. ನಾನು ಹೇಳಿದ ಸುಳ್ಳನ್ನು ಅವಳು ಕೂತು ಕತ್ತರಿಸಿ ಅಂಟಿಸಿ ನಿಜ ಮಾಡುತ್ತಿದ್ದಾಳೆ.

ನಿನ್ನೆ ಅವಳ ಹಂದರ ಮೊದಲ ಸಲ ಎದ್ದಿತು. ಅರ್ಧಕ್ಕೆ ಬಂದು ಎಡಗಡೆ ವಾಲಿತು. ಮಡಿಕೆ ಎಲ್ಲಿ ತಪ್ಪಿದೆ ಎಂದು ನನಗೆ ಕಾಣುತ್ತಿತ್ತು, ಉಗುರಿನಿಂದ ಒಮ್ಮೆ ಒತ್ತಿದರೆ ಸಾಕಿತ್ತು. ಕೈ ಮುಂದೆ ಹೋಯಿತು. ಅವಳು ನೋಡಿದಳು. ಕೈಯನ್ನು ಮಡಿಲಿಗೆ ತಂದುಕೊಂಡು ಕೂತೆ. ಅವಳು ಹಂದರವನ್ನು ಬಿಚ್ಚಿ, ರಟ್ಟನ್ನು ನೆಲಕ್ಕೆ ಒತ್ತಿ ಸಾಪು ಮಾಡಿ, ಮತ್ತೆ ಮೊದಲಿನಿಂದ ಮಡಚತೊಡಗಿದಳು.