ಹುಚ್ಚೆಳ್ಳು ಚಟ್ನಿಯ ಪರೀಕ್ಷೆ

ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ‘ನನ್ನ ಕಾಫಿ ಎಲ್ಲಿ?’ ಎಂದು ಕೇಳುವ ಮಹಾನುಭಾವರ ಕುಲಕ್ಕೆ ಸೇರಿದವನು ನಾನು. ದೇಹ ಕುರ್ಚಿಯಲ್ಲಿ, ಚಿತ್ತ ಚಿಕ್ಕಮಗಳೂರಿನಲ್ಲಿ. ಈ ಅನ್ಯಮನಸ್ಕತೆಯನ್ನು ಪಾಂಡಿತ್ಯದ ಲಕ್ಷಣವೆಂದೇ ನಂಬಿಕೊಂಡಿದ್ದ ನನ್ನ ಭ್ರಮೆಯನ್ನು ಬಿಡಿಸಿದ್ದು, ಎಪ್ಪತ್ತರ ದಶಕದ ಒಂದು ಬೆಳಗಿನ ರೈಲು.

ಅಂದು ಮಧ್ಯಾಹ್ನ ಎರಡಕ್ಕೆ ಶಿವಮೊಗ್ಗದಲ್ಲಿ ನನ್ನ ಬಿ.ಎಸ್ಸಿ. ಕೊನೆಯ ಪರೀಕ್ಷೆ, ತಪ್ಪಿದರೆ ಒಂದು ವರ್ಷವೇ ಹೋಯಿತು. ಕಡೂರಿನಲ್ಲಿ ಹತ್ತಿದವನು ನೋಟ್ಸಿನಲ್ಲಿ ಮುಖ ಹುದುಗಿಸಿದೆ. ಬೀರೂರಿನಲ್ಲಿ ರೈಲನ್ನು ಎರಡು ಮಾಡಿ, ಕೆಲವು ಡಬ್ಬಿಗಳನ್ನು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ ಉಳಿದವನ್ನು ಅಜ್ಜಂಪುರದತ್ತಲೂ ಕಳಿಸುತ್ತಾರೆಂಬುದು ನಮ್ಮ ಸೀಮೆಯಲ್ಲಿ ಕುರಿ ಕಾಯುವವರಿಗೂ ಗೊತ್ತು. ಪದವೀಧರನಾಗಲು ಹೊರಟ ಈ ಪಂಡಿತನಿಗೆ ಮಾತ್ರ ಅಜ್ಜಂಪುರದ ಬೋರ್ಡು ಕಂಡ ಮೇಲೆಯೇ ಜ್ಞಾನೋದಯವಾಯಿತು.

ಇಳಿದು ವಿಚಾರಿಸಿದರೆ, ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಇನ್ನೂ ಒಂದು ಗಂಟೆ ಎಂದರು. ಓದಿದ್ದೆಲ್ಲ ಮರೆತಂತಾಗಿ ಅಳುವೇ ಬಂದುಬಿಟ್ಟಿತು. ಅದೇ ಡಬ್ಬಿಯಿಂದ ಇಳಿದು ಅಳಿಯನ ಗಾಡಿಗೆ ಕಾಯುತ್ತಿದ್ದ ಯಗಟಿಯ ಅಜ್ಜಿಯೊಬ್ಬರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬುತ್ತಿ ಬಿಚ್ಚಿದರು.

“ತಗಾ, ರೊಟ್ಟಿ ತಿನ್ನು. ಚಟ್ನಿಗೆ ಏನೇನ್ ಹಾಕಿದೀನಿ ಹೇಳು ನೋಡಾನ.”

“ಕಾಯಿ,” ಎಂದೆ, ಬಾಯಿ ತುಂಬಿಕೊಂಡೇ.

“ಲೇ, ನುಂಗ್ದೆ ಕಣೋ, ತಿನ್ಲಿಲ್ಲ. ನಿಧಾನಕ್ಕೆ ಅಗ್ದು ಹೇಳು. ನೀನತ್ರೆ ಬಸ್ಸೇನು ಬೇಗ ಬತ್ತದಾ?”

ಅಗಿದೆ. ಹುರಿದ ಹುಚ್ಚೆಳ್ಳು, ಬೆಳ್ಳುಳ್ಳಿ, ಚೂರು ಹುಣಿಸೆ, ತಡವಾಗಿ ಬಂದು ಕೂತ ಮೆಣಸಿನಕಾಯಿ. ಒಂದೊಂದು ಹೆಸರಿಗೂ ಅಜ್ಜಿ ತಲೆಯಾಡಿಸಿದರು. ಎರಡನೆಯ ರೊಟ್ಟಿಯ ಹೊತ್ತಿಗೆ ಅಳು ನಿಂತಿತ್ತು. ಈಗ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಒತ್ತಡ ಇಳಿಸಲು ಒಂದೇ ಒಂದು ಒಣದ್ರಾಕ್ಷಿಯನ್ನು ಸಾವಧಾನವಾಗಿ ಅಗಿಯಲು ಕಲಿಸುತ್ತಾರಂತೆ. ಒಳ್ಳೆಯದೇ, ನನಗೆ ದೀಕ್ಷೆ ಹುಚ್ಚೆಳ್ಳಿನಲ್ಲಾಯಿತು.

ಅಷ್ಟರಲ್ಲಿ ಅಳಿಯ ಗಾಡಿ ಹೊಡೆದುಕೊಂಡು ಬಂದ. ಎದ್ದ ಅಜ್ಜಿ ನನ್ನ ಭುಜ ಹಿಡಿದುಕೊಂಡೇ ಅವನನ್ನು ಕೇಳಿದರು. “ಹೆಂಗವ್ಳಪ್ಪಾ?”

“ಬೆಳಿಗ್ಗೆ ಹೆರಿಗೆಯಾಯ್ತು ಅತ್ತೆ. ತಾಯಿ ಮಗು ಇಬ್ರೂ ಚೆನ್ನಾಗವ್ರೆ.”

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮಗಳು ಎರಡು ದಿನದಿಂದ ನೋವು ತಿನ್ನುತ್ತಿದ್ದಳೆಂದು ನನಗೆ ತಿಳಿದದ್ದು ಆಗಲೇ. ಅಷ್ಟು ಹೊತ್ತು ಮೈಗೆ ಮೈ ತಾಗಿಸಿ ಕೂತು ಅವರ ರೊಟ್ಟಿ ತಿಂದವನು, ‘ನೀವೆಲ್ಲಿಗೆ ಹೊರಟಿರಿ ಅಜ್ಜಿ’ ಎಂದು ಒಂದು ಮಾತು ಕೇಳಿರಲಿಲ್ಲ.

ಬಸ್ಸು ಸಿಕ್ಕಿತು, ಪರೀಕ್ಷೆ ಬರೆದೆ, ಪಾಸಾದೆ. ಎಂಬತ್ತರ ದಶಕದಲ್ಲಿ ಕಾಲೇಜಿನ ಮೇಷ್ಟ್ರೂ ಆದೆ. ಆ ತಾಯಿಯ ಋಣ ತೀರಿಸುವ ದಾರಿ ನನಗೆ ಇಂದಿಗೂ ತಿಳಿಯದು. ಪರೀಕ್ಷೆಯ ದಿನ ಬಾಗಿಲಲ್ಲಿ ಅಳುಮುಖ ಹೊತ್ತು ನಿಂತ ಹುಡುಗರು ಕಂಡರೆ ಮಾತ್ರ, ಪಾಠದ ಮಾತು ಬಿಟ್ಟು ಮೊದಲು ಕೇಳುತ್ತೇನೆ: “ಮನೇಲಿ ಎಲ್ರೂ ಚೆನ್ನಾಗಿದಾರೇನಪ್ಪಾ?”