ಕ್ವಿಂಟಾಲನ ತೂಕ

ಬೀದಿಯ ತಿರುವಿನಲ್ಲಿ ತಕ್ಕಡಿ ರಿಪೇರಿಯ ಅಂಗಡಿ, ಅದರ ಮೇಲೆಯೇ ಮನೆ. ಮಾಲೀಕನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಬೀದಿಯವರಿಗೆಲ್ಲ ಆತ ತೂಕದಣ್ಣ. ಕಣ್ಣಾರೆ ಕಂಡದ್ದನ್ನು ಆತ ಅರ್ಧ ನಂಬುತ್ತಿದ್ದ, ಕಿವಿಯಾರೆ ಕೇಳಿದ್ದನ್ನು ನಂಬುತ್ತಲೇ ಇರಲಿಲ್ಲ. ಮುಳ್ಳು ತೋರಿಸಿದರೆ ಮಾತ್ರ ಅದು ಸತ್ಯ. ಹೆಂಡತಿ ಸಂತೆಯಿಂದ ತಂದ ತರಕಾರಿ ಕೂಡ ತಕ್ಕಡಿ ಏರಿ ಇಳಿದ ಮೇಲೆಯೇ ಅಡುಗೆಮನೆ ಸೇರಬೇಕು.

ಒಂದು ಸಲ ಅಂಗಡಿಯ ಬೀಗ ಮುರಿದು ಯಾರೋ ಹಿತ್ತಾಳೆಯ ತೂಕದ ಬಟ್ಟುಗಳನ್ನೆಲ್ಲ ಗುಡಿಸಿಕೊಂಡು ಹೋದರು. ಕಾವಲಿಗೆ ಒಂದು ನಾಯಿ ಬೇಕು ಎಂದು ಆತ ತೀರ್ಮಾನಿಸಿದ. ಬೀದಿಯಲ್ಲಿ ಬಿಟ್ಟಿ ನಾಯಿಗಳಿಗೇನು ಬರ, ಒಂದಕ್ಕೆ ಅನ್ನ ಹಾಕಿ ಎಂದಳು ಹೆಂಡತಿ. ಆತನಿಗೆ ಜಾತಿ ನಾಯಿಯೇ ಬೇಕಿತ್ತು, ಅದರಲ್ಲೂ ದೊಡ್ಡದು. ಗ್ರೇಟ್ ಡೇನ್ ಮರಿಗಳಿವೆ ಎಂದು ಗೊತ್ತಾದ ಮನೆಗೆ ಹೋಗುವಾಗ ಚೀಲದಲ್ಲಿ ಕೈತಕ್ಕಡಿಯನ್ನೂ ಇಟ್ಟುಕೊಂಡ.

ನಾಯಿ ಸಾಕುವ ಆ ಹೆಂಗಸು ಚುರುಕಾಗಿ ಓಡಾಡುತ್ತಿದ್ದ ಸಣಕಲು ಮರಿಯೊಂದನ್ನು ತೋರಿಸಿ, ಇದರ ಕಾಲು ಚೆನ್ನಾಗಿದೆ, ಇದನ್ನೇ ತೆಗೆದುಕೊಳ್ಳಿ ಎಂದಳು. ಉಳಿದ ಸರಕು ಸಾಗಹಾಕುವವರು ಹೀಗೇ ಮಾತಾಡುತ್ತಾರೆ ಎಂದು ಆತನಿಗೆ ಗೊತ್ತಿಲ್ಲವೇ? ಮರಿಗಳನ್ನೆಲ್ಲ ಒಂದೊಂದಾಗಿ ಬುಟ್ಟಿಯಲ್ಲಿಟ್ಟು ತೂಗಿದ. ಎಲ್ಲಕ್ಕೂ ಒಂದೇ ಬೆಲೆ. ಹಾಗಾದರೆ ಹೆಚ್ಚು ತೂಗುವುದನ್ನು ಬಿಟ್ಟು ಬರುವವನು ಪೆದ್ದ. ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಡುಮ್ಮನನ್ನು ಎತ್ತಿಕೊಂಡು ಬಂದ. ವ್ಯಾಪಾರದಲ್ಲಿ ಗೆದ್ದೆನೆಂದು ದಾರಿಯುದ್ದಕ್ಕೂ ಮೀಸೆಯಡಿ ನಗು.

ಮರಿಗೆ ಕ್ವಿಂಟಾಲ ಎಂದು ಹೆಸರಿಟ್ಟವನು ಎದುರಂಗಡಿಯ ಟೈಲರ್. ಪ್ರತಿ ಸೋಮವಾರ ಮರಿಯನ್ನು ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಕೂರಿಸಿ ತೂಗುವುದು ಅಂಗಡಿಯ ಪದ್ಧತಿಯಾಯಿತು. ಮುಳ್ಳು ಮುಂದೆ ಸರಿದಷ್ಟೂ ತೂಕದಣ್ಣನ ಎದೆ ಉಬ್ಬುತ್ತಿತ್ತು. ಒಂದು ವಾರ ಕಡಿಮೆ ಏರಿದರೆ ತಟ್ಟೆಗೆ ಇನ್ನೊಂದು ಮೊಟ್ಟೆ, ಹಾಲಿನ ಮೇಲೆ ಸುಣ್ಣದಂಶದ ಪುಡಿ. ಕೊಟ್ಟ ಬೆಲೆಯೇನೋ ಅಂದೇ ಮರೆತುಹೋಗಿತ್ತು. ನಿಜವಾದ ಬೆಲೆ ಕಂತಿನಲ್ಲಿ ಬರತೊಡಗಿತು. ಮೊದಲು ಸೋಫಾ ಹೋಯಿತು. ಆಮೇಲೆ ಸ್ಕೂಟರ್ ಹೋಗಿ ಹಳೆಯದೊಂದು ಗೂಡ್ಸ್ ಆಟೊ ಬಂತು, ಏಕೆಂದರೆ ಡಾಕ್ಟರ ಹತ್ತಿರ ಹೋಗಲು ಅವನನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಕಾಲ ಮುಗಿದಿತ್ತು. ನೆಂಟರ ಮನೆಗೆ ಗಂಡ ಹೆಂಡತಿ ಜೊತೆಯಾಗಿ ಹೋಗುವುದು ನಿಂತಿತು. ಇನ್ನು ಕಾವಲು? ಬೀಗದ ಹತ್ತಿರ ಸುಳಿದಾಡಿದ ಅಪರಿಚಿತನೊಬ್ಬನ ಕೈಯನ್ನು ಕ್ವಿಂಟಾಲ ಮೊಣಕೈವರೆಗೂ ನೆಕ್ಕಿ ಕಳಿಸಿಕೊಟ್ಟ.

ಆತ ಕಂಡಂತೆ ಹೆಂಡತಿ ಕ್ವಿಂಟಾಲನ ಮೈ ಮುಟ್ಟುತ್ತಿರಲಿಲ್ಲ. ತಂದವರು ನೀವು, ತೊಳೆಯುವವರೂ ನೀವೇ ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ವರ್ಷ ತುಂಬುವ ಮೊದಲೇ ಒಂದು ಸಂಜೆ ಕ್ವಿಂಟಾಲ ಮಹಡಿಯ ಮೆಟ್ಟಿಲ ಮಧ್ಯದಲ್ಲಿ ನಿಂತುಬಿಟ್ಟ. ಹಿಂಗಾಲು ನಡುಗುತ್ತಿತ್ತು. ಮೇಲೂ ಹೋಗಲಾರ, ಕೆಳಗೂ ಬರಲಾರ. ಅಪರಾಧ ಮಾಡಿದವನಂತೆ ತಲೆ ತಗ್ಗಿಸಿಕೊಂಡಿದ್ದ.

ನಾಯಿಗಳ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ದೊಡ್ಡ ಜಾತಿಯ ಮರಿಗಳನ್ನು ನಿಧಾನವಾಗಿ ಬೆಳೆಸಬೇಕು, ಮೂಳೆ ಗಟ್ಟಿಯಾಗುವ ಮೊದಲೇ ಮೈ ಹೊರಿಸಿದರೆ ಸೊಂಟದ ಕೀಲು ತಾಳುವುದಿಲ್ಲ ಎಂದರು. "ನೀವು ಮರಿ ಸಾಕಿಲ್ಲ ಕಣ್ರೀ, ಮೂಟೆ ತುಂಬಿಸಿದೀರ." ತೂಕ ಇಳಿಯಬೇಕು, ಮೆಟ್ಟಿಲು ಹತ್ತಿಸಲೇಬಾರದು, ಇವೆರಡೂ ಆಗದಿದ್ದರೆ ಹಿಂಗಾಲು ಪೂರ್ತಿ ಬಿದ್ದುಹೋಗುತ್ತದೆ. ಮಾತ್ರೆ ಅವನು ಬದುಕಿರುವಷ್ಟು ಕಾಲವೂ.

ತೂಕದಣ್ಣ ಮೊದಲ ಸಲ ಮುಳ್ಳು ಹಿಂದೆ ಸರಿಯಲಿ ಎಂದು ಕಾಯತೊಡಗಿದ. ಊಟವನ್ನು ಡಾಕ್ಟರಮ್ಮ ಹೇಳಿದಷ್ಟೇ ತೂಗಿ ಹಾಕಿದ. ಟೈಲರ್ ಹೊಲಿದುಕೊಟ್ಟ ಗಟ್ಟಿ ಪಟ್ಟಿಯನ್ನು ನಾಯಿಯ ಹೊಟ್ಟೆಯಡಿ ಹಾಕಿ, ಸಂಜೆ ಅವನ ಹಿಂಭಾಗವನ್ನು ಎತ್ತಿ ಹಿಡಿದು ಮೇಲೆ ಹತ್ತಿಸಿದ. ಮೆಟ್ಟಿಲು ಬೇಡವೆಂದಿದ್ದರೂ ಬೇರೆ ದಾರಿಯಿರಲಿಲ್ಲ, ಕೆಳಗೇ ಮಲಗಿಸಿದರೆ ಕ್ವಿಂಟಾಲ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ. ಸ್ವಲ್ಪ ದಿನದಲ್ಲೇ ಆತನ ಸೊಂಟವೂ ಹಿಡಿದುಕೊಂಡಿತು. ಇಬ್ಬರೂ ಒಂದೇ ಲಯದಲ್ಲಿ ಕುಂಟುವುದನ್ನು ಕಂಡು, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಅಂತ ಅದಲುಬದಲು ಮಾಡ್ಕೋಬೇಡಿ ಎಂದು ಟೈಲರ್ ಕಾಲೆಳೆದ.

ಆದರೆ ಸೋಮವಾರ ಬಂದರೆ ಮುಳ್ಳು ಇದ್ದಲ್ಲೇ. ಮತ್ತೊಂದು ಸೋಮವಾರವೂ ಅಷ್ಟೇ. ತಕ್ಕಡಿಯೇ ಕೆಟ್ಟಿರಬೇಕು ಎಂದುಕೊಂಡ ತೂಕದಣ್ಣ ಅಂಗಡಿಗೆ ಅರ್ಧ ಬಾಗಿಲು ಹಾಕಿ ಅದನ್ನು ಪೂರ್ತಿ ಬಿಚ್ಚಿದ. ಒಳಗಿನ ಸನ್ನೆಕೋಲು, ಸ್ಪ್ರಿಂಗು ಎಲ್ಲ ಒರೆಸಿ, ಮತ್ತೆ ಕೂಡಿಸಿ, ಕಳ್ಳತನದ ನಂತರ ಕೊಂಡ, ಸರ್ಕಾರಿ ಮುದ್ರೆ ಇದ್ದ ಬಟ್ಟುಗಳನ್ನಿಟ್ಟು ನೋಡಿದ. ಕೂದಲೆಳೆಯಷ್ಟೂ ತಪ್ಪಿಲ್ಲ. ತಕ್ಕಡಿ ಸುಳ್ಳು ಹೇಳುತ್ತಿಲ್ಲ ಎಂದ ಮೇಲೆ ಮನೆಯಲ್ಲಿ ಸುಳ್ಳು ಹೇಳುವವರು ಇನ್ನು ಒಬ್ಬರೇ.

ಆ ಸಂಜೆ ಕ್ವಿಂಟಾಲನನ್ನು ಹತ್ತಿಸಿ ಕೆಳಗಿಳಿದವನು, ಸ್ವಲ್ಪ ಹೊತ್ತಿಗೆ ಸದ್ದಾಗದಂತೆ ಮತ್ತೆ ಮೆಟ್ಟಿಲು ಹತ್ತಿದ. ಅಡುಗೆಮನೆಯ ನೆಲದ ಮೇಲೆ ಹೆಂಡತಿ ಕಾಲು ಚಾಚಿ ಕೂತಿದ್ದಳು. ಕ್ವಿಂಟಾಲನ ತಲೆ ಅವಳ ತೊಡೆಯ ಮೇಲೆ. ಸ್ವೆಟರಿನ ಜೇಬಿನಿಂದ ಬೆಣ್ಣೆ ಸವರಿದ ಬ್ರೆಡ್ಡಿನ ಚೂರುಗಳು ಒಂದೊಂದಾಗಿ ಹೊರಬರುತ್ತಿದ್ದವು.

ಆತ ಬಾಗಿಲಲ್ಲೇ ನಿಂತ. "ಎಷ್ಟು ದಿನದಿಂದ ಇದು?"

"ಮರಿ ಬಂದಾಗಿಂದ," ಎಂದಳು ತಲೆ ಎತ್ತದೆ. "ನೀವು ತೂಗಿ ಹಾಕ್ತೀರಿ. ಅವನು ಮುಗಿಸಿ ನನ್ನ ಮುಖ ನೋಡ್ತಾನೆ. ನಾನೇನ್ರೀ ಮಾಡ್ಲಿ?"

ಬಯ್ಯಲೆಂದು ಒಳಬಂದವನ ಕಣ್ಣಿಗೆ ಆ ಜೋಡಿ ಮುಖಗಳು ಬಿದ್ದವು. ಬುಟ್ಟಿಯಲ್ಲಿ ತೂಗಿ ತಂದವನು ತಾನು, ಪುಡಿ ಬೆರೆಸಿದವನೂ ತಾನು; ಬ್ರೆಡ್ಡಿನ ಚೂರಿನ ಮೇಲೆ ಎಷ್ಟು ಹೊರೆ ಹೊರಿಸಲಾದೀತು? ಮೆಲ್ಲಗೆ ಅವಳ ಪಕ್ಕ ಕುಳಿತು, ಹೇಳಲಾರದೆ ಇಟ್ಟುಕೊಂಡಿದ್ದನ್ನು ಹೇಳಿದ. ತಕ್ಕಡಿ ರಿಪೇರಿಗೆ ಬರುವ ಕಲ್ಲಿನ ವ್ಯಾಪಾರಿಯೊಬ್ಬ ಕ್ವಿಂಟಾಲನನ್ನು ಸಾಕಿಕೊಳ್ಳಲು ಕೇಳಿದ್ದಾನೆ. ಅವನದು ಮಹಡಿಯಿಲ್ಲದ ಮನೆ, ದೊಡ್ಡ ಅಂಗಳ, ಒಂದು ಮೆಟ್ಟಿಲೂ ಇಲ್ಲ. ಭಾನುವಾರ ಬಂದು ಕರೆದುಕೊಂಡು ಹೋಗು ಎಂದು ಮಾತು ಕೊಟ್ಟಾಗಿದೆ.

ಅವಳ ಕೈ ನಾಯಿಯ ಕಿವಿಯ ಮೇಲೆ ನಿಂತಿತು.

"ಬ್ರೆಡ್ಡು ನಾನು ನಿಲ್ಲಿಸ್ತೀನಿ," ಎಂದಳು.

"ಮೆಟ್ಲಿಗೆ ಏನ್ ಮಾಡ್ತೀಯ?"

"ಅವನಿಗೆ ಹತ್ತಕ್ಕಾಗಲ್ಲ ಸರಿ. ನಮಗೆ ಇಳಿಯಕ್ಕೇನು?"

"ಅಂಗಡಿ?"

"ಅರ್ಧ ಸಾಕು. ಗಿರಾಕಿ ಅರ್ಧ ಆಗಿ ಎಷ್ಟು ಕಾಲ ಆಯ್ತು. ಬರೋರಿಗಿಂತ ನಿಮ್ಮ ಹಳೇ ತಕ್ಕಡಿಗಳೇ ಜಾಸ್ತಿ ಇವೆ ಅಲ್ಲಿ."

ಇಷ್ಟು ವರ್ಷ ಯಾರೂ ಆತನ ವ್ಯಾಪಾರವನ್ನು ಇಷ್ಟು ನಿಖರವಾಗಿ ತೂಗಿರಲಿಲ್ಲ.

ಶನಿವಾರ ಟೈಲರನ ನೆರವಿನಿಂದ ಮಂಚ ಕೆಳಗಿಳಿಯಿತು. ರಿಪೇರಿಯಾಗದ ತಕ್ಕಡಿಗಳು ಮೇಲೇರಿದವು. ಅಂಗಡಿಯ ಮಧ್ಯೆ ಪರದೆ ಬಿತ್ತು. ಆಚೆ ಸಂಸಾರ, ಈಚೆ ವ್ಯಾಪಾರ. ಭಾನುವಾರ ಬಂದ ಕಲ್ಲಿನ ವ್ಯಾಪಾರಿ ಪರದೆಯಡಿ ಚಾಚಿಕೊಂಡಿದ್ದ ಉದ್ದನೆಯ ಬಾಲವನ್ನು ನೋಡಿದ, ಮಾತು ಕೊಟ್ಟವನನ್ನು ನೋಡಿದ.

"ಕ್ಷಮಿಸ್ಬೇಕಣ್ಣ," ಎಂದ ತೂಕದಣ್ಣ. "ಕೊಡೋ ಮಾತು ಆಡಿದ್ದು ಆತುರದಲ್ಲಿ." ಅಂಗಡಿ ತೆರೆದಾಗಿನಿಂದ ಆತ ಮಾತಿಗೆ ತಪ್ಪಿದ್ದು ಅದೊಂದೇ ಸಲ. ಪ್ರಾಯಶ್ಚಿತ್ತಕ್ಕೆ ಆ ವ್ಯಾಪಾರಿಯ ತಕ್ಕಡಿಯನ್ನು ಬಿಟ್ಟಿಯಾಗಿ ಸರಿಮಾಡಿಕೊಟ್ಟ.

ಕ್ವಿಂಟಾಲನ ಕಾಲು ಪೂರ್ತಿ ಸರಿಹೋಗಲಿಲ್ಲ, ಬಿದ್ದೂ ಹೋಗಲಿಲ್ಲ. ಬೆಳಿಗ್ಗೆ ಬೀದಿಯ ಕೊನೆಯವರೆಗೆ ಮೂವರೂ ನಿಧಾನವಾಗಿ ನಡೆದು ಬರುತ್ತಾರೆ. ಸೋಮವಾರ ಮುಳ್ಳು ಒಂದಿಷ್ಟು ಹಿಂದೆ ಸರಿದರೆ ಟೈಲರ್ ಎದುರಿನಿಂದ ಕತ್ತರಿ ಎತ್ತಿ ತೋರಿಸುತ್ತಾನೆ.

ಬ್ರೆಡ್ಡಿನ ಬದಲು ಸೌತೆಕಾಯಿ ಕೊಡಬಹುದೆಂದು ಡಾಕ್ಟರಮ್ಮ ಹೇಳಿದ್ದರು. ಹೆಂಡತಿಯ ಕೈಯನ್ನು ಮಾತ್ರ ನಂಬದ ತೂಕದಣ್ಣ, ಚಿನ್ನ ತೂಗುವ ಪುಟ್ಟ ತಕ್ಕಡಿಯೊಂದನ್ನು ಮಂಚದ ಪಕ್ಕ ಇಟ್ಟುಕೊಟ್ಟಿದ್ದಾನೆ. ಅವಳು ಕನ್ನಡಕ ಏರಿಸಿಕೊಂಡು ಒಂದು ತಟ್ಟೆಗೆ ಬಟ್ಟು, ಇನ್ನೊಂದಕ್ಕೆ ಸೌತೆಕಾಯಿ ಚೂರು ಹಾಕುತ್ತಾಳೆ. ಅಷ್ಟರಲ್ಲಿ ದೊಡ್ಡದೊಂದು ಒದ್ದೆ ಮೂಗು ತಕ್ಕಡಿಗೆ ತಾಗುವಷ್ಟು ಹತ್ತಿರ ಬಂದು ನಿಲ್ಲುತ್ತದೆ, ತಟ್ಟೆಗಳು ತೂಗಾಡತೊಡಗುತ್ತವೆ.

"ಉಸಿರು ಬಿಡಬೇಡ್ವೋ ಮಗನೇ," ಎನ್ನುತ್ತಾಳೆ. "ತೂಕ ತಪ್ಪುತ್ತೆ, ನಿಮ್ಮಪ್ಪ ನನ್ನನ್ನ ಬಯ್ತಾರೆ."